ರಸ್ತೆ ಬದಿ ಗಿಡ ಸವರೋದನ್ನ ಕಾರ್ತಿಕ ಮುಗಿಯೋ ತನಕ ನಿಲ್ಸಿ

ಮಾನ್ಯ ಸಂಪಾದಕರೇ,

ಗೌರಿ ಹಬ್ಬ ಹತ್ರ ಬರ್ತಿದ್ದಂಗೆ ನಮ್ಮ ಪಾಂಡವಪುರ, ಮೇಲುಕೋಟೆ ಕಡೆ ರಸ್ತೆ ಪಕ್ಕದ ಬೇಲೀಲಿ ಅಲ್ಲೊಂದು ಇಲ್ಲೊಂದು ಗೌರಿ ಹೂ ಅರಳುತ್ತೆ, ಕೆಲವರು ಅಗ್ನಿಶಿಖೆ ಅಂತಾರೆ. ಸರಿಯಾಗಿ ಅದೇ ಟೈಮಿಗೆ, ದಸರಾ ಬಂತು ರಸ್ತೆ ಕ್ಲೀನ್ ಆಗ್ಬೇಕು ಅಂತ ಕಳೆ ಮಿಷಿನ್ನೋ ಜೆಸಿಬಿನೋ ತಂದು ಎಲ್ಲಾನೂ ಸವರಿಬಿಡ್ತಾರೆ.

ಕೇಳಿದ್ರೆ, ಗೆಡ್ಡೆ ನೆಲದೊಳಗೆ ಇದ್ಯಲ್ಲ ಮತ್ತೆ ಚಿಗುರುತ್ತೆ ಬಿಡಿ ಅಂತಾರೆ. ಆದ್ರೆ ಈ ಬಳ್ಳಿಯ ಗೆಡ್ಡೆ ವರ್ಷವರ್ಷಾನೂ ಬದಲಾಗುತ್ತೆ, ಹಳೇದು ಸೊರಗಿ ಹೋಗಿ ಆ ಮಳೆಗಾಲದ ಎಲೆಗಳು ಮಾಡಿದ ಆಹಾರದಲ್ಲೇ ಹೊಸ ಗೆಡ್ಡೆ ಕಟ್ಟಬೇಕು, ಹೂ ಬಿಡೋ ಹೊತ್ತಲ್ಲಿ ಬಳ್ಳೀನೇ ಕತ್ತರಿಸಿದ್ರೆ ಗೆಡ್ಡೆ ಬಲಿಯೋದೆಲ್ಲಿಂದ, ಬೀಜ ಆಗೋದೆಲ್ಲಿಂದ? ಎಲೆ ತುದೀಲಿ ಇರೋ ಕುಡಿಯಿಂದ ಪೊದೆ ಹಿಡ್ಕೊಂಡು ಹತ್ತೋ ಬಳ್ಳಿ ಇದು, ಪೊದೇನೂ ಹೋಯ್ತು ಅಂದ್ರೆ ಹಬ್ಬೋಕೆ ಆಸರೇನೂ ಇಲ್ಲ. ಔಷಧಿಗೆ ಅಂತ ಗೆಡ್ಡೆ ಕೀಳೋರ ಕಾಟ ಬೇರೆ.

ನಾಲೆ ಬಯಲಲ್ಲಿ ಗದ್ದೆ, ಕಬ್ಬು ಬಿಟ್ರೆ ಕಾಡುಗಿಡಕ್ಕೆ ಉಳಿದಿರೋದು ರಸ್ತೆ ಅಂಚು, ಬೇಲಿ ಸಾಲು ಅಷ್ಟೆ. ತುಂಬೆ, ಗಣಪತಿ ಪತ್ರೆಗೆ ಬೇಕಾದ ಉತ್ತರಾಣಿ, ವಿಷ್ಣುಕ್ರಾಂತಿ ಎಲ್ಲಾ ಅಲ್ಲೇ ಇರೋದು. ಇಂಗ್ಲೆಂಡ್, ವೇಲ್ಸ್‌ನಲ್ಲಿ 1930ರ ದಶಕದಿಂದೀಚೆಗೆ ಹೂ ತುಂಬಿದ ಹುಲ್ಲುಗಾವಲು ಶೇ 97ರಷ್ಟು ಹೋಗಿಬಿಟ್ಟಿವೆ, ಅದಕ್ಕೇ ಪ್ಲಾಂಟ್‌ಲೈಫ್ ಅನ್ನೋ ಸಂಸ್ಥೆ ಈಗ ಬೀಜ ಉದುರಿದ ಮೇಲೆ ರಸ್ತೆ ಬದಿ ಕತ್ತರಿಸಿ ಅಂತ ಅಲ್ಲಿನ ಕೌನ್ಸಿಲ್‌ಗಳ ಬೆನ್ನು ಬಿದ್ದಿದೆ.

ಜೆಸಿಬಿಯಿಂದ ಕೆರೆದಾಗಂತೂ ಇನ್ನೂ ಕೆಡುಕು. ಬೋಳು ನೆಲ ಸಿಕ್ಕಿದ್ರೆ ಮೊದಲು ಬರೋದೇ ಪಾರ್ಥೇನಿಯಂ, ಒಂದೊಂದು ಗಿಡಾನೂ ಸಾವಿರಗಟ್ಟಲೆ ಬೀಜ ಉದುರಿಸುತ್ತೆ, ಮೇಲ್ಗಡೆ ಕತ್ತರಿಸಿದ್ರೂ ಬುಡದಿಂದ ಕವಲೊಡೆಯುತ್ತೆ. ಅದನ್ನ ಹೂ ಬಿಡೋ ಮುಂಚೆ ಬೇರು ಸಮೇತ ಕೀಳಿಸ್ಬೇಕು, ಕೈಗೆ ಗ್ಲೌಸ್ ಕೊಟ್ಟು.

ತಿರುವುಗಳಲ್ಲಿ ಎದುರಿಗೆ ಬರೋ ಗಾಡಿ ಕಾಣ್ಬೇಕು, ಹಾವಿನ ಭಯಾನೂ ಇದೆ, ಮಕ್ಕಳು ಸ್ಕೂಲಿಗೆ ನಡ್ಕೊಂಡು ಹೋಗೋ ದಾರಿ, ಅದೆಲ್ಲ ನಿಜಾನೇ. ತಿರುವು, ಜಂಕ್ಷನ್, ಬಸ್ ಸ್ಟಾಪ್ ಹತ್ರ ಮತ್ತೆ ಡಾಂಬರಿಗೆ ತಾಗಿದಂಗೆ ಒಂದು ಮೀಟರ್ ಯಾವಾಗ ಬೇಕಾದ್ರೂ ಕತ್ತರಿಸ್ಲಿ. ಮಿಕ್ಕಿದ್ದನ್ನ ಕಾರ್ತಿಕ ಮುಗಿದು ಬೀಜ ಬಲಿತ ಮೇಲೆ, ಬೇಸಿಗೇಲಿ ಬೆಂಕಿ ಬೀಳೋ ಮುಂಚೆ, ನೆಲದಿಂದ ಒಂದು ಗೇಣು ಬಿಟ್ಟು ಕತ್ತರಿಸಿದ್ರೆ ಸಾಕು. ಬೇಲಿ ಮುಟ್ಟಬಾರ್ದು, ಕಳೆನಾಶಕ ಹೊಡೀಬಾರ್ದು ಅಂತ ಟೆಂಡರ್‌ನಲ್ಲೇ ಬರೆದು, ಈ ಸಲದ ಕೆಲಸ ಶುರು ಮಾಡೋ ಮೊದ್ಲು ಕಂಟ್ರಾಕ್ಟರ್‌ಗೆ ತಿಳಿಸ್ಬೇಕು ಅಂತ ಅಧಿಕಾರಿಗಳಲ್ಲಿ ಕೇಳ್ಕೋತೀನಿ.

– ಒಬ್ಬ ಓದುಗ, ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ