ತಾಲ್ಲೂಕು ಆಸ್ಪತ್ರೆಯಲ್ಲೇ ಮಾರ್ಫಿನ್ ಸಿಗಲಿ: ತುಮಕೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕ್ಯಾನ್ಸರ್ ಮೂಳೆಗೆ ಹರಡಿದ ಮೇಲೆ ಬರುವ ನೋವು ಬಹಳಷ್ಟು ಸಲ ಪ್ಯಾರಾಸಿಟಮಾಲ್‌ಗೂ ಬಗ್ಗುವುದಿಲ್ಲ, ಅದಕ್ಕಿಂತ ಬಲವಾದ ಟ್ರಮಡಾಲ್‌ಗೂ ಬಗ್ಗುವುದಿಲ್ಲ. ಅಂಥವರಿಗೆ ಬೇಕಾದ್ದು ಅಫೀಮಿನಿಂದ ತಯಾರಾಗುವ ಪ್ರಬಲ ನೋವು ನಿವಾರಕವಾದ ಮಾರ್ಫಿನ್ ಮಾತ್ರೆ. ಅದಕ್ಕಾಗಿ ಪಾವಗಡದವರು ತಿಂಗಳಿಗೊಮ್ಮೆ ಬೆಂಗಳೂರಿನ ಬಸ್ಸು ಹತ್ತುವಂತಾಗಬಾರದು.

ಕಾನೂನು ಅಡ್ಡ ಬರುತ್ತದೆ ಎಂಬ ಮಾತು ಈಗ ಹಳೆಯದು. 1985ರ ಎನ್‌ಡಿಪಿಎಸ್ (ಮಾದಕ ವಸ್ತುಗಳ ನಿಯಂತ್ರಣ) ಕಾಯ್ದೆಯಡಿ ಮಾರ್ಫಿನ್ ಇಟ್ಟುಕೊಳ್ಳಲು ಆಸ್ಪತ್ರೆಗಳು ಬೇರೆ ಬೇರೆ ಕಚೇರಿಗಳಿಂದ ಹಲವು ಪರವಾನಗಿ ಪಡೆಯಬೇಕಿತ್ತು. ಒಂದು ಕೈಸೇರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿಯುತ್ತಿತ್ತು. 2014ರ ತಿದ್ದುಪಡಿ ಇದನ್ನು ಬದಲಿಸಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್, ಕೋಡೀನ್, ಆಕ್ಸಿಕೋಡೋನ್, ಹೈಡ್ರೋಕೋಡೋನ್ ಎಂಬ ಆರು ಔಷಧಗಳು ‘ಅಗತ್ಯ ಮಾದಕ ಔಷಧ’ಗಳಾದವು. 2015ರ ನಿಯಮಗಳ ಪ್ರಕಾರ ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದರೆ ಸಾಕು. ಆಸ್ಪತ್ರೆಯಲ್ಲಿ ನೋವು ನಿವಾರಣೆ ಮತ್ತು ಉಪಶಮನ ಆರೈಕೆಯ (ಗಂಭೀರ ರೋಗಿಗಳ ಯಾತನೆ ತಗ್ಗಿಸುವ ಆರೈಕೆ) ತರಬೇತಿ ಪಡೆದ ವೈದ್ಯರು ಇರಬೇಕು, ದಾಸ್ತಾನಿನ ಲೆಕ್ಕ ದಿನವೂ ಬರೆಯಬೇಕು.

ಎಡವಟ್ಟಾಗುವುದು ಇಲ್ಲೇ. ತರಬೇತಿ ಪಡೆದವರು ಒಬ್ಬರೇ ಇದ್ದು ಅವರಿಗೆ ವರ್ಗವಾದರೆ ಮಾತ್ರೆ ಬೀರುವಿನಲ್ಲೇ ಉಳಿಯುತ್ತದೆ, ಬರೆದುಕೊಡುವವರಿಲ್ಲ. ಆದ್ದರಿಂದ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಕನಿಷ್ಠ ಇಬ್ಬರಿಗೆ ತರಬೇತಿ ಬೇಕು. ನಮ್ಮ ಮೊದಲ ಕೋರಿಕೆ ಇದೇ.

ಇನ್ನು ವರ್ಷಕ್ಕೆ ಎಷ್ಟು ಮಾತ್ರೆ ಬೇಕೆಂದು ಆಸ್ಪತ್ರೆ ಮೊದಲೇ ಬರೆದುಕೊಡುವ ವಾರ್ಷಿಕ ಬೇಡಿಕೆಯ ಅಂದಾಜು. 10 ಮಿಲಿಗ್ರಾಂ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ, ರಾತ್ರಿ ಮಲಗುವಾಗ ಎರಡು ಒಟ್ಟಿಗೆ ನುಂಗುವ ರೋಗಿಗೆ ದಿನಕ್ಕೆ ಆರು, ತಿಂಗಳಿಗೆ 180 ಮಾತ್ರೆ. ಇಂಥ 20 ಮಂದಿಗೆ ತಿಂಗಳಿಗೆ 3,600. ನಡುವೆ ನೋವು ಉಲ್ಬಣಿಸಿದರೆ ಕೊಡುವ ಹೆಚ್ಚುವರಿ ಗುಳಿಗೆ ಇದರಲ್ಲಿ ಸೇರಿಲ್ಲ. ಅಂಜಿಕೆಯಿಂದ ಕಡಿಮೆ ಬರೆದರೆ ವರ್ಷದ ನಡುವೆಯೇ ದಾಸ್ತಾನು ಖಾಲಿ. ವಾರಗಟ್ಟಲೆ ನುಂಗಿದವರಿಗೆ ಔಷಧ ಥಟ್ಟನೆ ನಿಂತರೆ ನೋವು ಮರಳುವುದಷ್ಟೇ ಅಲ್ಲ, ಬೆವರು, ಭೇದಿ, ಚಡಪಡಿಕೆ ಶುರುವಾಗುತ್ತದೆ. ಅದನ್ನು ಕಂಡು ‘ಚಟ ಹತ್ತಿದೆ’ ಎನ್ನುವುದು ಅನ್ಯಾಯ.

ಎಲ್ಲ ನೋವಿಗೂ ಇದೇ ಮದ್ದು ಎಂದು ನಾವು ಹೇಳುತ್ತಿಲ್ಲ. ಪಾವಗಡದ ಕಡೆ ಫ್ಲೋರೈಡ್ ನೀರಿನಿಂದ ಬಿಗಿದ ಕೀಲುಗಳಿಗೆ, ಬೆನ್ನುನೋವಿಗೆ ಮೊದಲು ಬೇರೆ ದಾರಿ ನೋಡಬೇಕು. ಮೂತ್ರಪಿಂಡ ಸೋತವರಲ್ಲಿ ಮಾರ್ಫಿನ್‌ನ ಅಂಶ ದೇಹದಲ್ಲಿ ಶೇಖರವಾಗಿ ಮಂಪರು ಹತ್ತುತ್ತದೆ, ಅವರಿಗೆ ಪ್ರಮಾಣ ತಗ್ಗಿಸಬೇಕು, ಇಲ್ಲವೇ ಔಷಧ ಬದಲಿಸಬೇಕು. ಮಲಬದ್ಧತೆಯಂತೂ ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತದೆ. ಮೊದಲ ದಿನದಿಂದಲೇ ಮಲ ಸಡಿಲಿಸುವ ಬೈಸಕೋಡಿಲ್ ಮಾತ್ರೆ ಕೊಡದಿದ್ದರೆ ರೋಗಿ ಮಾರ್ಫಿನ್ನನ್ನೇ ಬಿಟ್ಟುಬಿಡುತ್ತಾರೆ. ಔಷಧ ಅಂಗಡಿಯಲ್ಲಿ ಈ ಸಣ್ಣ ಮಾತ್ರೆಯೂ ಇರುವಂತೆ ನೋಡಿಕೊಳ್ಳಿ.

ದುರುಪಯೋಗದ ಭಯಕ್ಕೆ ಉಪಾಯವಿದೆ: ಎರಡು ಬೀಗದ ಬೀರು, ದಿನದ ರಿಜಿಸ್ಟರ್, ರೋಗಿ ತೀರಿಕೊಂಡರೆ ಉಳಿದ ಮಾತ್ರೆಗಳನ್ನು ಮನೆಯವರಿಂದ ಎಣಿಸಿ ವಾಪಸ್ ಪಡೆಯುವುದು.

ಮುಂದಿನ ಕೆಡಿಪಿ (ಜಿಲ್ಲೆಯ ಅಭಿವೃದ್ಧಿ ಕಾರ್ಯಕ್ರಮಗಳ ಪರಿಶೀಲನಾ) ಸಭೆಯಲ್ಲಿ ಆರೋಗ್ಯಾಧಿಕಾರಿಗಳಿಂದ ತಾಲ್ಲೂಕುವಾರು ಪಟ್ಟಿ ತರಿಸಿ: ಮಾನ್ಯತೆ ಯಾವ ಆಸ್ಪತ್ರೆಗಿದೆ, ತರಬೇತಿ ಪಡೆದ ವೈದ್ಯರು ಎಷ್ಟು ಮಂದಿ, ಇವತ್ತು ಬೀರುವಿನಲ್ಲಿ ಎಷ್ಟು ಮಾತ್ರೆಗಳಿವೆ. ಆ ಪಟ್ಟಿಯನ್ನು ಪ್ರತಿ ಆಸ್ಪತ್ರೆಯ ಬಾಗಿಲಲ್ಲಿ ಹಚ್ಚಿಸಿ.

ಇಂತಿ,
ಉಪಶಮನ ಆರೈಕೆಯಲ್ಲಿ ದುಡಿಯುವ ನರ್ಸ್‌ಗಳು ಮತ್ತು ಫಾರ್ಮಸಿಸ್ಟ್‌ಗಳು,
ತುಮಕೂರು ಜಿಲ್ಲೆ