ಕಾವಿ ಚಿತ್ರಕ್ಕೆ ಎನಾಮಲ್ ಬಳಿಯಬೇಡಿ

ಮಾನ್ಯ ಸಂಪಾದಕರೇ,

ನಮ್ಮೂರ ದೇವಸ್ಥಾನದಲ್ಲಿ ಮುಂದಿನ ತಿಂಗಳು ಬ್ರಹ್ಮಕಲಶ, ಅಂದರೆ ಜೀರ್ಣೋದ್ಧಾರದ ನಂತರದ ಪುನಃಪ್ರತಿಷ್ಠೆಯ ಉತ್ಸವ. ಗುಡಿಯ ಸುತ್ತಿನ ಪೌಳಿಯ ಗೋಡೆಗಳಿಗೆಲ್ಲ ಪೇಂಟ್ ಬಳಿಯುತ್ತಿದ್ದಾರೆ. ಕಳೆದ ವಾರ ಹೋಗಿ ನೋಡಿದರೆ ಮೂಡು ಗೋಡೆಯ ವೇಣುಗೋಪಾಲ ಇಲ್ಲ. ಅವನಿದ್ದಲ್ಲಿ ಹೊಳೆಯುವ ಹಳದಿ ಎನಾಮಲ್. ತೆಂಕು ಗೋಡೆಯ ಗಜಲಕ್ಷ್ಮಿ ಮಾತ್ರ ಇನ್ನೂ ಉಳಿದಿದ್ದಾಳೆ. ಅವಳಿಗಾಗಿ ಈ ಪತ್ರ.

ನಾನು ನಲವತ್ತು ವರ್ಷ ಗಾರೆ ಕೆಲಸ ಮಾಡಿದವನು. ಇವು ಕುಂಚ ಹಿಡಿದು ಬರೆದ ಚಿತ್ರಗಳಲ್ಲ, ಕಾವಿ ಕಲೆ. ಗೋಡೆಗೆ ಸುಣ್ಣದ ಗಾರೆಯನ್ನು ನುಣ್ಣಗೆ ತೀಡಿ, ಮೇಲೆ ಕೆಂಪು ಕಾವಿಯ ಪದರ ಕೊಡುತ್ತಾರೆ. ಅದು ಹಸಿ ಇರುವಾಗಲೇ ಚೂಪಾದ ಕಬ್ಬಿಣದಿಂದ ಬೇಡದ ಕೆಂಪನ್ನು ಕೆರೆದು ತೆಗೆಯಬೇಕು. ಕೆರೆದಲ್ಲಿ ಒಳಗಿನ ಬಿಳಿ ಕಾಣುತ್ತದೆ. ಇರುವುದು ಎರಡೇ ಬಣ್ಣ. ಕೈ ತಪ್ಪಿದರೆ ಅಳಿಸಿ ತಿದ್ದುವ ಹಾಗಿಲ್ಲ.

ವೇಣುಗೋಪಾಲನ ಹಿಂದೆ ನಿಂತ ದನದ ಬಾಲದ ಹತ್ತಿರ ಹಾಗೊಂದು ಗೆರೆ ಜಾರಿತ್ತು. ಆ ಕಾಲದ ಮೇಸ್ತ್ರಿ ಅದನ್ನೇ ಬಳ್ಳಿ ಮಾಡಿ, ತುದಿಗೊಂದು ಎಲೆ ಕೂರಿಸಿದ್ದ. ಚಿಕ್ಕಂದಿನಲ್ಲಿ ಅಪ್ಪ ನನ್ನನ್ನು ಎತ್ತಿ ಹಿಡಿದು ಅದನ್ನು ತೋರಿಸಿದ್ದರು. ನನ್ನ ಕಸುಬಿನ ಮೊದಲ ಪಾಠ ಅದು. ಈಗ ಮೊಮ್ಮಗನಿಗೆ ತೋರಿಸೋಣ ಅಂದರೆ ಗೋಡೆಯಲ್ಲಿ ಏನೂ ಇಲ್ಲ.

ಸಮಿತಿಯವರದ್ದು ಕೆಟ್ಟ ಮನಸ್ಸಲ್ಲ. "ಮಾಸಿ ಹೋಗಿತ್ತು, ದೇವರ ಎದುರು ಚಂದ ಕಾಣಬೇಕಲ್ವಾ" ಅಂದರು. ಆದರೆ ಸುಣ್ಣದ ಗೋಡೆ ನಮ್ಮ ಮಳೆಗಾಲದಲ್ಲಿ ತೇವ ಹೀರುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಎನಾಮಲ್ ಬಳಿದರೆ ಆ ತೇವಕ್ಕೆ ಹೊರಗೆ ಬರಲು ದಾರಿಯಿಲ್ಲ. ಒಳಗೊಳಗೇ ಗಾರೆ ಸಡಿಲಾಗಿ, ಪೇಂಟಿನ ಜೊತೆಗೇ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಸಿಮೆಂಟಿನ ತೇಪೆಯೂ ಅಷ್ಟೇ, ಹಳೆ ಸುಣ್ಣಕ್ಕೆ ಹೊಂದುವುದಿಲ್ಲ.

ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲ್ ನೋಡಿ. ಇಟಲಿಯಿಂದ ಬಂದ ಮೊಸ್ಕೇನಿ ಅದರ ಗೋಡೆ, ಚಾವಣಿಗೆ ಚಿತ್ರ ಬರೆದು ನೂರಿಪ್ಪತ್ತು ವರ್ಷ ದಾಟಿತು. 1990ರ ದಶಕದಲ್ಲಿ ತಜ್ಞರನ್ನು ಕರೆಸಿ ಅವನ್ನು ಸರಿಪಡಿಸಿದರು, ಮೇಲೆ ಪೇಂಟ್ ಹೊಡೆಯಲಿಲ್ಲ. ಕೇರಳದ ಗುರುವಾಯೂರು ದೇವಸ್ಥಾನದಲ್ಲಿ 1970ರ ಬೆಂಕಿಗೆ ಭಿತ್ತಿಚಿತ್ರಗಳು ಹಾಳಾದಾಗ, ಹಿರಿಯ ಕಲಾವಿದರಿಂದ ಹಳೆಯ ಪದ್ಧತಿಯಲ್ಲೇ ಮತ್ತೆ ಬರೆಸಿದರು. ಆ ವಿದ್ಯೆ ನಿಲ್ಲಬಾರದೆಂದು 1989ರಲ್ಲಿ ಒಂದು ಶಾಲೆಯನ್ನೂ ತೆರೆದರು. ನಮ್ಮಲ್ಲಿ ಅಷ್ಟು ದೊಡ್ಡ ಕೆಲಸ ಈಗಲೇ ಆಗದಿದ್ದರೂ ಬ್ರಶ್ ತಡೆಯಬಹುದು.

ಜೀರ್ಣೋದ್ಧಾರಕ್ಕೆ ಹೊರಟ ಎಲ್ಲ ಊರಿನ ಸಮಿತಿಗಳಲ್ಲಿ ಕೈ ಮುಗಿದು ಕೇಳುತ್ತೇನೆ. ಗೋಡೆಯಲ್ಲಿ ಕಾವಿ ಚಿತ್ರ ಇದ್ದರೆ ಪೇಂಟರಿಗಿಂತ ಮೊದಲು ಸುಣ್ಣದ ಕೆಲಸ ಗೊತ್ತಿರುವವರನ್ನು ಕರೆಯಿರಿ. ಹತ್ತಿರದಿಂದ ಒಳ್ಳೆಯ ಫೋಟೊ ತೆಗೆಸಿಡಿ.

ನಮ್ಮ ಗಜಲಕ್ಷ್ಮಿಯ ಎಡಗಡೆ ಆನೆಯ ಸೊಂಡಿಲಿನ ಹತ್ತಿರ ಅಂಗೈಯಗಲ ಗಾರೆ ಎದ್ದಿದೆ. ಸಮಿತಿಯವರು ಒಪ್ಪಿದರೆ ಸುಣ್ಣ ನಾನೇ ತಂದು ಕೂರಿಸಿಕೊಡುತ್ತೇನೆ. ಕೂಲಿ ಬೇಡ. ಮಳೆ ಹಿಡಿಯುವ ಮೊದಲೇ ಆಗಬೇಕು.

– ಒಬ್ಬ ಗಾರೆ ಮೇಸ್ತ್ರಿ, ಉಡುಪಿ ಜಿಲ್ಲೆ