ವೈಪರ್ ನಿಂತ ಕೂಡಲೇ ಮೋಟಾರ್ ಬದಲಿಸಬೇಡಿ

ಗೆಳೆಯರೇ, ಭಾನುವಾರ ಶಿರಸಿಯಿಂದ ದೇವಿಮನೆ ಘಟ್ಟ ಇಳಿಯುವಾಗ ನನ್ನ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ವೈಪರ್ ಗಾಜಿನ ಮಧ್ಯದಲ್ಲೇ ನಿಂತುಬಿಟ್ಟಿತು. ಜೋರು ಮಳೆ, ಎದುರಿನ ತಿರುವೇ ಕಾಣದು. ಮೋಟಾರ್ ಸುಟ್ಟಿದೆ ಅಂದುಕೊಂಡೆ. ಅದಲ್ಲ.

ಇಂಥ ಕಾರುಗಳಲ್ಲಿ ಮೋಟಾರು ಹಲ್ಲಿನ ಕೇಬಲ್ ಒಂದನ್ನು ಕೊಳವೆಯೊಳಗೆ ಹಿಂದೆ ಮುಂದೆ ಎಳೆಯುತ್ತದೆ. ವೈಪರ್ ತಿರುಗೋದು ಅದರಿಂದಲೇ. ಕೇಬಲ್ ಬಿಚ್ಚಿ, ಮೋಟಾರ್ ಮಾತ್ರ ಓಡಿಸಿ ನೋಡಿ. ಸಲೀಸಾಗಿ ಓಡಿದರೆ ಬಿಗಿತ ಕೇಬಲ್ ಕಡೆಯದ್ದು. ನನ್ನ ಕಾರಿನಲ್ಲಿ ಹಳೇ ಗ್ರೀಸ್ ತಳ ಹಿಡಿದ ಜೋನಿಬೆಲ್ಲದ ಹಾಗೆ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸ್ ಹಚ್ಚಿದೆ, ಈಗ ಚೆನ್ನಾಗಿ ಓಡುತ್ತಿದೆ.

ಮೋಟಾರೇ ನಿಧಾನವಾಗಿದ್ದರೆ ಮೊದಲು ಅರ್ತ್ ವೈರ್, ಅಂದರೆ ಮೋಟಾರಿನಿಂದ ಕಾರಿನ ಲೋಹದ ಮೈಗೆ ಹೋಗುವ ತಂತಿ, ನೋಡಿ. ಕಾರವಾರದವರಂತೂ ತಪ್ಪದೇ ನೋಡಿ, ಉಪ್ಪುಗಾಳಿಗೆ ಅದರ ತುದಿ ಹಸಿರುಗಟ್ಟುತ್ತದೆ. ಬ್ಯಾಟರಿ ಕಳಚಿ, ಆ ತುದಿಯನ್ನು ಪಾಲಿಶ್ ಪೇಪರಿನಲ್ಲಿ ಉಜ್ಜಿ. ಒಣ ಗಾಜಿನ ಮೇಲೆ ಸುಮ್ನೆ ವೈಪರ್ ಓಡಿಸಬೇಡಿ, ನೀರು ಚಿಮುಕಿಸಿಕೊಳ್ಳಿ.